ಕಾಲು ಕೈಗೆ ಸಿಕ್ಕೂ ರೈಡರ್ ತಪ್ಪಿಸಿಕೊಳ್ಳುವುದೇಕೆ?

ಸೋತ ತಂಡ ಅಂಕಣದಿಂದ ಹೊರಗೆ ಬರುವಾಗ ಮೊದಲು ಕೇಳಿಸುವ ಮಾತು ‘ಕಾರ್ನರ್ ಕಾಲು ಬಿಟ್ಟುಬಿಟ್ಟ’ ಎಂಬುದು. ಅಂದರೆ ಮೂಲೆಯಲ್ಲಿ ನಿಂತ ಡಿಫೆಂಡರ್, ನುಗ್ಗಿ ಬಂದ ಎದುರಾಳಿಯ (ರೈಡರ್) ಕಾಲನ್ನು ಕೈಬಿಟ್ಟ ಎಂದು. ಮದ್ದೂರು, ಪಾಂಡವಪುರ, ತಿ. ನರಸೀಪುರದ ಕಡೆ ನಡೆಯುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಲ್ಲಿ ಇರಲಿ, ಮಂಡ್ಯ ಅಥವಾ ಮೈಸೂರಿನ ಕಾಲೇಜು ಪಂದ್ಯಗಳಲ್ಲಿ ಇರಲಿ, ತಪ್ಪೆಲ್ಲ ಕೊನೆಗೆ ಒಬ್ಬನ ತಲೆಗೇ ಬಂದು ಕೂರುತ್ತದೆ. ಆದರೆ ಮೊಬೈಲ್‌ನಲ್ಲಿ ತೆಗೆದ ವಿಡಿಯೊವನ್ನು ನಿಧಾನವಾಗಿ ಓಡಿಸಿ ನೋಡಿ. ಕೈ ಜಾರುವ ಹೊತ್ತಿಗೆ ಆ ಹಿಡಿತ ಆಗಲೇ ಹಾಳಾಗಿರುತ್ತದೆ. ನಿಂತ ಜಾಗ ತಪ್ಪಿರುತ್ತದೆ, ಹೊರಟ ಗಳಿಗೆ ತಪ್ಪಿರುತ್ತದೆ, ಇಲ್ಲವೇ ಬರಬೇಕಾದ ಎರಡನೆಯವನು ಬಂದಿರುವುದಿಲ್ಲ. ಕೈಯ ಬಲ ಕಡಿಮೆಯಾಗಿ ತಪ್ಪುವ ಟ್ಯಾಕಲ್‌ಗಳು (ಹಿಡಿಯುವ ಪ್ರಯತ್ನಗಳು) ಇಲ್ಲವೆಂದಲ್ಲ, ಆದರೆ ಅವು ಕಡಿಮೆ.

ತಪ್ಪಿದ ಟ್ಯಾಕಲ್‌ಗೆ ತೆರುವ ಬೆಲೆ ಎಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಬಹಳಷ್ಟು ತಂಡಗಳು ಇದನ್ನು ಮಾಡುವುದೇ ಇಲ್ಲ. ರೈಡರ್ ಸಿಕ್ಕಿದರೆ 1 ಅಂಕ, ಹೊರಗೆ ಕೂತ ನಮ್ಮವನೊಬ್ಬ ಒಳಗೆ. ರೈಡರ್ ತಪ್ಪಿಸಿಕೊಂಡು ಮಧ್ಯಗೆರೆ ಮುಟ್ಟಿದರೆ ಅವನನ್ನು ಮುಟ್ಟಿದವರೆಲ್ಲ ಔಟ್, ಎಷ್ಟು ಜನ ಔಟಾದರೋ ಅಷ್ಟು ಅಂಕ ಅವರಿಗೆ. ಒಂದು ಪಂದ್ಯದಲ್ಲಿ 20 ಸಲ ಕ್ಯಾಚ್‌ಗೆ ಹೋಗಿ 10 ಸಲ ಹಿಡಿದರು ಅಂದುಕೊಳ್ಳಿ. ಅರ್ಧಕ್ಕರ್ಧ ಹಿಡಿದಿದ್ದಾರೆ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ತಪ್ಪಿದ 10ರಲ್ಲೂ ಇಬ್ಬಿಬ್ಬರು ಔಟಾಗಿದ್ದರೆ ನಮಗೆ 10 ಅಂಕ, ಅವರಿಗೆ 20. ತಪ್ಪಿದಾಗಲೆಲ್ಲ ಒಬ್ಬನೇ ಹೋಗುವ ತಂಡ ಎರಡರಲ್ಲಿ ಒಂದು ಹಿಡಿದರೆ ಸಮ ಸಮ. ಇಬ್ಬರು ಹೋಗುವ ತಂಡ ಮೂರರಲ್ಲಿ ಎರಡು ಹಿಡಿಯಲೇಬೇಕು. ಆದ್ದರಿಂದ ‘ಎಷ್ಟು ಟ್ಯಾಕಲ್ ತಪ್ಪಿತು’ ಎಂದು ಎಣಿಸಿದರಷ್ಟೇ ಸಾಲದು, ‘ತಪ್ಪಿದಾಗ ಎಷ್ಟು ಜನ ಹೋದರು’ ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು.

ಇದೇ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ. ರೈಡರ್ ಒಬ್ಬನನ್ನು ಮುಟ್ಟಿ ತಿರುಗಿದ ಮೇಲೆ ಆ ಮುಟ್ಟಿಸಿಕೊಂಡವನಿಗೆ ಕಳೆದುಕೊಳ್ಳಲು ಏನೂ ಉಳಿದಿಲ್ಲ. ಬಿಟ್ಟರೂ ಅವನು ಔಟ್, ಹಿಡಿದರೆ ಅವನೂ ಉಳಿಯುತ್ತಾನೆ, ಅಂಕವೂ ಬರುತ್ತದೆ. ಹಾಗಾಗಿ ಬೆನ್ನಟ್ಟಬೇಕಾದ ಮೊದಲನೆಯವನು ಅವನೇ. ನಮ್ಮ ಕಡೆಯ ಹುಡುಗರು ಟಚ್ ಆದ ಕೂಡಲೇ ನಿಂತು ಅಂಪೈರ್ ಮುಖ ನೋಡುತ್ತಾರೆ. ಮುಟ್ಟಿಸಿಕೊಳ್ಳದೇ ಉಳಿದವನು ಅವನ ಬದಲು ನುಗ್ಗಿ ತಾನೂ ಔಟಾಗುತ್ತಾನೆ. ಒಂದು ಅಂಕ ಹೋಗಬೇಕಾದ ಕಡೆ ಎರಡು ಹೋಗುವುದು ಹೀಗೆ.

ಮೀಟರ್ ಲೆಕ್ಕ

ಹಿಡಿತ ಯಾವ ಜಾಗದಲ್ಲಿ ಬಿತ್ತು ಎಂಬುದು ಎಷ್ಟು ಗಟ್ಟಿಯಾಗಿ ಬಿತ್ತು ಎಂಬುದಕ್ಕಿಂತ ಮುಖ್ಯ. ಗಂಡಸರ ಅಂಕಣ 13 ಮೀಟರ್ ಉದ್ದ, ಎರಡು ಬದಿಯ ಒಂದೊಂದು ಮೀಟರ್ ಅಂಚಿನ ಪಟ್ಟಿ (ಲಾಬಿ) ಸೇರಿ 10 ಮೀಟರ್ ಅಗಲ. ಮಧ್ಯಗೆರೆಯಿಂದ ಬಾಕ್ ಲೈನ್ (ರೈಡರ್ ದಾಟಬೇಕಾದ ಗೆರೆ) 3.75 ಮೀಟರ್, ಅಲ್ಲಿಂದ ಬೋನಸ್ ಲೈನ್ ಇನ್ನೂ 1 ಮೀಟರ್ ಒಳಗೆ. ಅಂದರೆ ಬೋನಸ್ ಲೈನ್ ಮೇಲೆ ಇರುವ ರೈಡರ್ ಮನೆಗೆ, ಅಂದರೆ ತನ್ನ ಬದಿಗೆ, 4.75 ಮೀಟರ್ ದೂರದಲ್ಲಿದ್ದಾನೆ.

ಐದಡಿ ಎಂಟಿಂಚಿನ ರೈಡರ್ ಕೈ ಚಾಚಿ ಉದ್ದಕ್ಕೆ ಬಿದ್ದರೆ ಕಾಲಿನಿಂದ ಬೆರಳ ತುದಿಯವರೆಗೆ ಸುಮಾರು 2.2 ಮೀಟರ್ ಆಗುತ್ತದೆ. ಬೋನಸ್ ಲೈನ್ ಮೇಲೆ ಅವನ ಕಾಲು ಸಿಕ್ಕರೆ ಅವನು ನಮ್ಮನ್ನು ಎರಡೂವರೆ ಮೀಟರ್ ಎಳೆದುಕೊಂಡು ಹೋಗಬೇಕು. ಬಾಕ್ ಲೈನ್ ಮೇಲೆ ಸಿಕ್ಕರೆ ಒಂದೂವರೆ ಮೀಟರ್ ಸಾಕು. ಮಧ್ಯಗೆರೆಯಿಂದ 2.2 ಮೀಟರ್ ಒಳಗೇ ಕಾಲು ಹಿಡಿದಿರೋ, ಅವನು ಎಳೆಯುವುದೇ ಬೇಡ, ಮುಂದಕ್ಕೆ ಬಿದ್ದರೆ ಆಯಿತು. ಆ ಜಾಗದಲ್ಲಿ ಕಾಲಿಗೆ ಕೈ ಹಾಕುವುದೇ ತಪ್ಪು. ಅಲ್ಲಿ ಎದುರಿಗೆ ನಿಂತು ಬ್ಲಾಕ್ ಮಾಡಬೇಕು, ಇಲ್ಲವೇ ಬಿಟ್ಟುಬಿಡಬೇಕು.

ಹೆಣ್ಣುಮಕ್ಕಳ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಬಾಕ್ ಲೈನ್ 3 ಮೀಟರ್‌ಗೇ ಇದೆ. ಅಲ್ಲಿ ಕಾಲು ಸಿಕ್ಕ ರೈಡರ್‌ಗೆ ಒಂದು ಮೀಟರ್ ಎಳೆದರೆ ಸಾಕು. ಹುಡುಗರ ತಂಡಕ್ಕೆ ಹೇಳಿಕೊಟ್ಟದ್ದನ್ನೇ ಹುಡುಗಿಯರ ತಂಡಕ್ಕೂ ಹೇಳಿಕೊಡುವ ಕೋಚ್‌ಗಳು ಇದನ್ನು ಗಮನಿಸಬೇಕು. ಅಲ್ಲಿ ಕಾರ್ನರ್ ಎಷ್ಟೇ ಚೆನ್ನಾಗಿ ಹಿಡಿದರೂ ಅವನ ಒಳಬದಿಗೆ ನಿಲ್ಲುವ ಡಿಫೆಂಡರ್, ಅಂದರೆ ಕವರ್, ಅದೇ ಗಳಿಗೆಯಲ್ಲಿ ಬಂದು ಮುಂದೆ ನಿಲ್ಲದಿದ್ದರೆ ಕೆಲಸ ಕೆಡುತ್ತದೆ.

ಕಾರ್ನರ್‌ನ ತಪ್ಪುಗಳು

ಕಾರ್ನರ್ ಮಾಡುವ ದೊಡ್ಡ ತಪ್ಪು ಆತುರ. ಅಡ್ವಾನ್ಸ್ ಟ್ಯಾಕಲ್ ಎಂದು ಎಲ್ಲರೂ ಬೈಯುವುದು ಇದನ್ನೇ. ರೈಡರ್ ಕಾಲು ಮುಂದಿಟ್ಟ ಹಾಗೆ ಮಾಡುತ್ತಾನೆ, ಭುಜ ಆಡಿಸುತ್ತಾನೆ, ಕಾರ್ನರ್ ಹಾರಿಬಿಡುತ್ತಾನೆ. ಕಾರಣ ಸರಳ: ಅವನು ನೋಡುತ್ತಿದ್ದದ್ದು ರೈಡರ್‌ನ ಕೈ ಅಥವಾ ಪಾದ. ಕೈ, ಪಾದ, ಭುಜ, ಕಣ್ಣು ಎಲ್ಲವೂ ಸುಳ್ಳು ಹೇಳಬಲ್ಲವು. ಸೊಂಟ ಮಾತ್ರ ಸುಳ್ಳು ಹೇಳುವುದು ಕಷ್ಟ, ಏಕೆಂದರೆ ಮೈಯ ಭಾರ ಇರುವುದು ಅಲ್ಲಿ. ಸೊಂಟ ಮುಂದೆ ಬಂದರೆ ಮನುಷ್ಯ ಬಂದ ಎಂದರ್ಥ. ಪಾದ ಮಾತ್ರ ಬಂದು ಸೊಂಟ ಹಿಂದೆಯೇ ಉಳಿದಿದ್ದರೆ ಅದು ಆಸೆ ತೋರಿಸುವ ಕಾಲು.

ಆರು ಅಥವಾ ಏಳು ಡಿಫೆಂಡರ್‌ಗಳು ಇರುವಾಗ ಬೋನಸ್, ಅಂದರೆ ಯಾರನ್ನೂ ಮುಟ್ಟದೆಯೂ ರೈಡರ್‌ಗೆ ಸಿಗುವ ಅಂಕ, ಇರುತ್ತದೆ. ಬೋನಸ್ ಸಿಗಬೇಕಾದರೆ ರೈಡರ್‌ನ ಒಂದು ಕಾಲು ಬೋನಸ್ ಲೈನ್ ದಾಟಿರಬೇಕು, ಹಿಂದಿನ ಕಾಲು ನೆಲದಿಂದ ಎದ್ದಿರಬೇಕು. ಆ ಒಂದು ಕ್ಷಣ ಅವನ ಇಡೀ ಭಾರ ಒಂದೇ ಕಾಲಿನ ಮೇಲೆ ಇರುತ್ತದೆ. ಕಾರ್ನರ್‌ಗೆ ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಭಾರ ಬಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ, ಮೊದಲು ಇನ್ನೊಂದು ಕಾಲು ನೆಲ ಮುಟ್ಟಬೇಕು. ಆತುರದ ಕಾರ್ನರ್ ಹಿಡಿಯುವುದು ಭಾರ ಬೀಳುವ ಮೊದಲೇ, ಆಗ ಆ ಕಾಲು ಹಗುರವಾಗಿರುತ್ತದೆ, ಜಾರಿಹೋಗುತ್ತದೆ. ತಡಮಾಡುವ ಕಾರ್ನರ್ ಹಿಡಿಯುವುದು ಹಿಂದಿನ ಕಾಲು ಊರಿದ ಮೇಲೆ, ಆಗ ಒದ್ದು ಬಿಡಿಸಿಕೊಳ್ಳಲು ರೈಡರ್‌ಗೆ ಬುಡ ಸಿಕ್ಕಿರುತ್ತದೆ.

ಇನ್ನು ಆಂಕಲ್ ಹೋಲ್ಡ್ (ಪಾದದ ಗಂಟಿನ ಹಿಡಿತ) ಹಾಕುವ ಬಗೆ. ಕೈ ಚಾಚಿ ಬೆರಳಿನಿಂದ ಪಾದ ಹಿಡಿಯುವುದು ಹಿಡಿತವೇ ಅಲ್ಲ. ಎರಡೂ ಅಂಗೈ ಹಿಮ್ಮಡಿಯ ಮೇಲೆ, ಕಾಲಿನ ಹಿಂಬದಿಯಲ್ಲಿ ಕೂಡಬೇಕು. ಭುಜ ಅವನ ಮೊಣಕಾಲ ಕೆಳಗಿನ ಎಲುಬಿಗೆ ಒತ್ತಿರಬೇಕು. ಹಿಡಿದ ಕೂಡಲೇ ಕಾಲನ್ನು ನಮ್ಮ ಎದೆಗೆ ಎಳೆದುಕೊಂಡು, ನಮ್ಮ ಸೊಂಟ ಅವನ ಹತ್ತಿರಕ್ಕೆ ಬರಬೇಕು. ಸೊಂಟ ದೂರ ಉಳಿದರೆ ಕೈ ಮಾತ್ರ ಅವನ ಜೊತೆ ಹೋಗುತ್ತದೆ, ಮೈ ಎಂಡ್ ಲೈನ್ ಹತ್ತಿರವೇ ಬಿದ್ದಿರುತ್ತದೆ. ತಲೆ ಅವನ ಮೊಣಕಾಲಿನ ದಾರಿಯಲ್ಲಿ ಇರಕೂಡದು, ಕಾಲಿನ ಹೊರಬದಿಗೆ ಇರಬೇಕು. ಹಲ್ಲು, ಮೂಗು ಮುರಿದುಕೊಳ್ಳುವವರು ಹೆಚ್ಚಾಗಿ ಇಲ್ಲೇ ತಪ್ಪುತ್ತಾರೆ.

ಥೈ ಹೋಲ್ಡ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ತೊಡೆಯ ಹಿಂದೆ ಕೈ ಕೂಡಿಸುವಾಗ ಬೆರಳು ಹೆಣೆಯಬಾರದು. ಅಂಗೈಗೆ ಅಂಗೈ ಸೇರಿಸಿ, ಹೆಬ್ಬೆರಳು ಹೊರಗಿಟ್ಟು ಬಿಗಿಯಬೇಕು. ಮೈಸೂರಿನ ಗರಡಿಮನೆಗಳಲ್ಲಿ ಪಟ್ಟು ಕಲಿತ ಪೈಲ್ವಾನರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೆರಳು ಹೆಣೆದರೆ ರೈಡರ್ ತಿರುಗಿದಾಗ ಗಂಟು ಬಿಚ್ಚಿಕೊಳ್ಳುವುದಿಲ್ಲ, ಬೆರಳೇ ಮುರಿಯುತ್ತದೆ. ಊರಿನಲ್ಲಿ ಕುಸ್ತಿ ಕಲಿಸುವ ಹಿರಿಯರೊಬ್ಬರಿದ್ದರೆ ಕಬಡ್ಡಿ ಹುಡುಗರನ್ನು ವಾರಕ್ಕೊಂದು ದಿನ ಅವರ ಹತ್ತಿರ ಕಳಿಸುವುದು ಒಳ್ಳೆಯದು. ಕೈ ಕೂಡಿಸುವುದು, ಸೊಂಟ ತಗ್ಗಿಸುವುದು, ಎದುರಾಳಿಯ ಭಾರ ಎತ್ತ ಹೋಗುತ್ತಿದೆ ಎಂದು ಮೈಯಿಂದಲೇ ತಿಳಿಯುವುದು, ಈ ಮೂರೂ ಮಣ್ಣಿನ ಕುಸ್ತಿಯಲ್ಲಿ ಬೇಗ ಬರುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು: ಕಬಡ್ಡಿಯಲ್ಲಿ ಎರಡು ಕಾಲಿನಿಂದ ಕತ್ತರಿ ಹಾಕಿ ಹಿಡಿಯುವುದು ಫೌಲ್.

ಎರಡನೆಯವನು

ಕಾರ್ನರ್ ಹಿಡಿದ ಮೇಲೆ ರೈಡರ್ ನಿಲ್ಲುವುದು ಕವರ್‌ನಿಂದ. ಕವರ್ ಬಾರದೆ ಕಾರ್ನರ್ ಒಬ್ಬನೇ ಒದ್ದಾಡುವುದೆಂದರೆ ತೂಬು ಮುಚ್ಚದೆ ಕಾಲುವೆಗೆ ಬದು ಕಟ್ಟಿದ ಹಾಗೆ.

ಕವರ್ ತಡವಾಗುವುದಕ್ಕೆ ಸೋಮಾರಿತನ ಕಾರಣವಲ್ಲ, ದೂರ ಕಾರಣ. ಲಾಬಿ ಬಿಟ್ಟರೆ ಆಡುವ ಅಗಲ 8 ಮೀಟರ್. ಏಳು ಜನ ಸಾಲಾಗಿ ನಿಂತರೆ ಒಬ್ಬನಿಂದ ಒಬ್ಬನಿಗೆ ಸುಮಾರು 1.3 ಮೀಟರ್ ಅಂತರ. ಐದು ಜನರಾದರೆ 2 ಮೀಟರ್. ನಾಲ್ವರಾದರೆ 2.7. ಮೂವರಾದರೆ 4 ಮೀಟರ್. ನಿಂತಲ್ಲಿಂದ ಎರಡೂವರೆ ಮೀಟರ್ ನುಗ್ಗಲು ಒಳ್ಳೆಯ ಆಟಗಾರನಿಗೂ ಒಂದು ಸೆಕೆಂಡ್ ಹತ್ತಿರ ಬೇಕು. ಅಷ್ಟರಲ್ಲಿ ರೈಡರ್ ಕಾಲು ಬಿಡಿಸಿಕೊಂಡಿರುತ್ತಾನೆ. ಆದ್ದರಿಂದ ಕಾರ್ನರ್ ಹಿಡಿದ ಮೇಲೆ ಕವರ್ ಓಡುವುದಲ್ಲ, ರೈಡರ್ ಕಾರ್ನರ್ ಕಡೆ ತಿರುಗಿದಾಗಲೇ ಕವರ್ ಒಂದು ಹೆಜ್ಜೆ ಒಳಗೆ ಜರುಗಿ ಒಂದೂವರೆ ಮೀಟರ್ ದೂರದಲ್ಲಿ ಕಾದಿರಬೇಕು. ಆ ಒಂದು ಹೆಜ್ಜೆಯನ್ನು ಪ್ರೇಕ್ಷಕರು ನೋಡುವುದಿಲ್ಲ, ಸ್ಕೋರ್ ಬರೆಯುವವರೂ ನೋಡುವುದಿಲ್ಲ. ಆದರೆ ಒಳ್ಳೆಯ ಡಿಫೆನ್ಸ್ ಎನ್ನುವುದು ಬಹುಪಾಲು ಆ ಹೆಜ್ಜೆಯೇ.

ಬಂದ ಕವರ್ ಎಲ್ಲಿಗೆ ಬರಬೇಕು ಎಂಬುದರಲ್ಲೂ ತಪ್ಪಾಗುತ್ತದೆ. ಕಾರ್ನರ್ ಕಾಲು ಹಿಡಿದಿದ್ದಾನೆಂದು ಇವನೂ ಹೋಗಿ ಕಾಲಿಗೇ ಬೀಳುತ್ತಾನೆ. ರೈಡರ್‌ನ ಮೇಲ್ಮೈ ಪೂರ್ತಿ ಖಾಲಿ. ಮುಂದಕ್ಕೆ ವಾಲಿ ಕೈ ಚಾಚುತ್ತಾನೆ, ಇಬ್ಬರೂ ಔಟ್. ಒಬ್ಬ ಕೆಳಗೆ ಹಿಡಿದರೆ ಇನ್ನೊಬ್ಬ ಸೊಂಟಕ್ಕೆ, ಅದೂ ಮಧ್ಯಗೆರೆಯ ಬದಿಯಿಂದ ಬಂದು ರೈಡರ್‌ಗೆ ಎದುರಾಗಿ ನಿಂತು ಹಿಡಿಯಬೇಕು. ಮೂರನೆಯವನು ಬಂದರೆ ಅವನ ಕೆಲಸ ರೈಡರ್ ಮುಂದೆ ಚಾಚುವ ಕೈ. ನಾಲ್ಕನೆಯವನು ಬರುವುದೇ ಬೇಡ. ನಾಲ್ವರು ಗುಡ್ಡೆ ಬಿದ್ದ ಮೇಲೂ ರೈಡರ್ ಬೆರಳು ಗೆರೆ ಮುಟ್ಟಿದರೆ ನಾಲ್ಕು ಅಂಕ ಹೋಯಿತು, ಪಂದ್ಯವೂ ಅಲ್ಲಿಗೆ ತಿರುಗಿತು.

ಡ್ಯಾಶ್ ಹೊಡೆಯುವ, ಅಂದರೆ ಭುಜದಿಂದ ಗುದ್ದಿ ಹೊರಗೆ ತಳ್ಳುವ, ಕವರ್‌ಗಳು ಲಾಬಿಯ ನಿಯಮ ಮರೆಯುವುದು ಬಹಳ ಸಾಮಾನ್ಯ. ಮುಟ್ಟಾಟ ಶುರುವಾಗುವವರೆಗೆ ಲಾಬಿ ಹೊರಗಿನ ಜಾಗ, ರೈಡರ್‌ಗೂ ಡಿಫೆಂಡರ್‌ಗೂ. ಮೈಗೆ ಮೈ ತಗುಲಿದ ಕೂಡಲೇ ಲಾಬಿ ಅಂಕಣದ ಭಾಗವಾಗುತ್ತದೆ. ಅಂದರೆ ರೈಡರ್‌ನನ್ನು ಲಾಬಿಗೆ ತಳ್ಳಿದರೆ ಕೆಲಸ ಅರ್ಧ ಮಾತ್ರ ಆದದ್ದು, ಇನ್ನೂ ಒಂದು ಮೀಟರ್ ದಾಟಿಸಿ ಹೊರಗೆರೆ ಮೀರಿಸಬೇಕು. ಭುಜದಿಂದ ಹೊಡೆದು ಅಲ್ಲೇ ನಿಲ್ಲುವ ಕವರ್ ಮುಂದೆ ರೈಡರ್ ಲಾಬಿಯೊಳಗೇ ತಿರುಗಿ ಮನೆಗೆ ಹೋಗುತ್ತಾನೆ. ಹೊಡೆತದ ನಂತರವೂ ಎರಡು ಹೆಜ್ಜೆ ಕಾಲು ಓಡುತ್ತಿರಬೇಕು.

ಚೈನ್‌ನ ತೂತು

ಕೈ ಕೈ ಹಿಡಿದು ನಿಲ್ಲುವ ಚೈನ್ ನೋಡಲು ಗಟ್ಟಿ ಗೋಡೆ. ಡುಬ್ಕಿ ಹೊಡೆಯುವ, ಅಂದರೆ ತಗ್ಗಿ ಕೈಗಳ ಕೆಳಗೆ ನುಸುಳುವ, ರೈಡರ್‌ಗೆ ಅದು ಬಾಗಿಲು. ಚೈನ್ ಎದೆಯ ಎತ್ತರದಲ್ಲಿ ಇದ್ದರೆ ಕೆಳಗೆ ನುಸುಳಲು ದಾರಿ ತೆರೆದಂತೆಯೇ. ಇಬ್ಬರ ಮೊಣಕಾಲೂ ಬಾಗಿದ್ದು, ಕೂಡಿದ ಕೈ ರೈಡರ್‌ನ ಸೊಂಟದ ಮಟ್ಟಕ್ಕೆ ಇಳಿದಿರಬೇಕು. ತೋಳು ನೆಟ್ಟಗೆ ಚಾಚಿರಬಾರದು. ಚಾಚಿದ ತೋಳಿನ ನಡುವೆ ಅಂತರ ಹೆಚ್ಚು, ಬಲ ಕಡಿಮೆ.

ಇನ್ನೊಂದು ತೂತು ಕೈ ಬಿಡುವ ಗಳಿಗೆಯಲ್ಲಿ ಇದೆ. ಒಬ್ಬ ಹೋಗಬೇಕೆಂದು ತೀರ್ಮಾನಿಸಿದ್ದಾನೆ, ಪಕ್ಕದವನಿಗೆ ಗೊತ್ತಿಲ್ಲ, ಅವನ ಕೈ ಎಳೆದು ಇಬ್ಬರೂ ಮುಗ್ಗರಿಸುತ್ತಾರೆ. ಇದಕ್ಕೆ ಕೂಗಾಟ ಬೇಕಿಲ್ಲ. ಹೋಗುವವನು ಪಕ್ಕದವನ ಕೈಯನ್ನು ಒಮ್ಮೆ ಅದುಮಿದರೆ ‘ಹೋಗ್ತಿದ್ದೀನಿ’, ಎರಡು ಸಲ ಅದುಮಿದರೆ ‘ಬಿಡು, ಬೇಡ’ ಎಂದು ತಂಡದೊಳಗೇ ಗೊತ್ತು ಮಾಡಿಕೊಳ್ಳಬಹುದು. ಕೂಗುವುದಾದರೆ ಒಬ್ಬನೇ ಕೂಗಬೇಕು. ನಡುವೆ ನಿಂತವನಿಗೆ ಎರಡು ಬದಿಯೂ ಕಾಣುವುದರಿಂದ ಆ ಕೆಲಸ ಅವನಿಗೇ ಸರಿ. ಐದು ಜನ ಒಟ್ಟಿಗೆ ‘ತಡಿ’, ‘ಹಾಕು’, ‘ಬಿಡೋ’ ಎಂದು ಕೂಗಿದರೆ ಕಾರ್ನರ್‌ಗೆ ಕೇಳಿಸುವುದು ಬರೀ ಗದ್ದಲ.

ಜನ ಕಡಿಮೆಯಾದಾಗ

ತಂಡಗಳು ಕುಸಿಯುವುದು ನಾಲ್ಕೈದು ಜನ ಉಳಿದ ಹಂತದಲ್ಲಿ. ಅಂತರ ಹೆಚ್ಚಾಗಿ ಎರಡನೆಯವನು ದೂರ ಆಗಿರುತ್ತಾನೆ. ಸೂಪರ್ ಟ್ಯಾಕಲ್‌ನ ಹೆಚ್ಚುವರಿ ಅಂಕವೂ ಇಲ್ಲ, ಅದು ಸಿಗುವುದು ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ. ಆದರೆ ಈ ಹಂತದಲ್ಲಿ ನಮ್ಮ ಪರವಾಗಿ ಒಂದು ವಿಷಯ ಇದೆ: ಬೋನಸ್ ಇಲ್ಲ. ರೈಡರ್ ಯಾರನ್ನಾದರೂ ಮುಟ್ಟದೆ ಅಂಕ ಗಳಿಸಲಾರ. ಹಾಗಿರುವಾಗ ಬಾಕ್ ಲೈನ್ ಹತ್ತಿರ ಹೋಗಿ ಅವನನ್ನು ಕೆಣಕುವ ಅಗತ್ಯವೇ ಇಲ್ಲ. ಹಿಂದೆ ಸರಿದು, ಗುಂಪು ಬಿಡದೆ, ಖಾಲಿ ರೈಡ್ ಆಗಲು ಬಿಡಬೇಕು. ಸತತ ಎರಡು ಖಾಲಿ ರೈಡ್ ಆದರೆ ಮೂರನೆಯದು ಡು ಆರ್ ಡೈ. ಅದರಲ್ಲಿ ಅಂಕ ತರದಿದ್ದರೆ ರೈಡರ್ ತಾನಾಗಿಯೇ ಔಟ್, ನಮಗೆ 1 ಅಂಕ.

ಡು ಆರ್ ಡೈ ರೈಡ್‌ನಲ್ಲಿ ಹೆಚ್ಚಿನ ತಂಡಗಳು ಉಲ್ಟಾ ಯೋಚಿಸುತ್ತವೆ. ಹಿಡಿಯಲೇಬೇಕು ಎಂದು ನುಗ್ಗುತ್ತವೆ. 30 ಸೆಕೆಂಡ್ ಮುಗಿಯುವವರೆಗೆ ಯಾರೂ ಮುಟ್ಟಿಸಿಕೊಳ್ಳದಿದ್ದರೆ ಸಾಕು, ಅಂಕ ನಮ್ಮದೇ. ಕಡೆಯ ಹತ್ತು ಸೆಕೆಂಡಿನಲ್ಲಿ ರೈಡರ್ ಆಳಕ್ಕೆ ಬರಲೇಬೇಕು, ಆಗ ಅವನು ಮನೆಯಿಂದ ಐದು ಮೀಟರ್ ದೂರದಲ್ಲಿರುತ್ತಾನೆ. ಹಿಡಿಯುವುದಿದ್ದರೆ ಅಲ್ಲಿ.

ಮೂವರು ಉಳಿದಾಗ ಲೆಕ್ಕ ಬದಲಾಗುತ್ತದೆ. ಹಿಡಿದರೆ 2 ಅಂಕ. ತಪ್ಪಿದಾಗ ಒಬ್ಬನೇ ಹೋಗುತ್ತಾನೆಂದರೆ ಮೂರು ಸಲದಲ್ಲಿ ಒಮ್ಮೆ ಹಿಡಿದರೂ ಅಂಕದಲ್ಲಿ ಸಮ. ಆಗ ಧೈರ್ಯ ಮಾಡುವುದು ಸರಿ. ಆದರೆ ಆಲ್ ಔಟ್ ಆದರೆ ಅವರಿಗೆ ಹೆಚ್ಚುವರಿ 2 ಅಂಕ ಹೋಗುತ್ತದೆಂಬುದು ನೆನಪಿರಲಿ. ಮೂವರೂ 8 ಮೀಟರ್ ಅಗಲಕ್ಕೆ ಹರಡಿ ನಿಲ್ಲುವುದು ದೊಡ್ಡ ತಪ್ಪು. ಖಾಲಿ ಜಾಗವನ್ನು ಮುಟ್ಟಿದರೆ ಅಂಕ ಸಿಗುವುದಿಲ್ಲ, ಆದ್ದರಿಂದ ಖಾಲಿ ಜಾಗ ಕಾಯುವುದರಲ್ಲಿ ಅರ್ಥವಿಲ್ಲ. ಮೂವರೂ ರೈಡರ್ ಇರುವ ಬದಿಗೆ ಒಟ್ಟಿಗೆ ಜರುಗಿ, ಒಬ್ಬ ಕಾಲಿಗೆ, ಒಬ್ಬ ಸೊಂಟಕ್ಕೆ, ಒಬ್ಬ ಮನೆಯ ದಾರಿಗೆ ಎಂದು ಮೊದಲೇ ಹಂಚಿಕೊಂಡಿರಬೇಕು.

ಕಾದು ಹಿಡಿಯುವ ಡಿಫೆನ್ಸ್ ಏನು ಮಾಡಬಲ್ಲದು ಎಂಬುದಕ್ಕೆ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್ ಸಾಕು. 1990ರಿಂದ 2014ರವರೆಗೆ ಏಳು ಚಿನ್ನವನ್ನೂ ಗೆದ್ದಿದ್ದ ಭಾರತದ ಪುರುಷರ ತಂಡ ಅಲ್ಲಿ ಇರಾನ್ ಎದುರು 18–27ರಿಂದ ಸೋತಿತು. ಇರಾನ್‌ನ ಎಡ ಕಾರ್ನರ್ ಫಜಲ್ ಅತ್ರಾಚಲಿ ಆಡುವ ವಿಡಿಯೊಗಳನ್ನು ನಮ್ಮ ಹುಡುಗರು ನೋಡುತ್ತಾರೆ, ಆದರೆ ಅವರ ಕೈಯನ್ನು ಮಾತ್ರ ನೋಡುತ್ತಾರೆ. ಹಿಡಿಯದೆ ಬಿಟ್ಟ ರೈಡ್‌ಗಳಲ್ಲಿ ಅವರು ಎಲ್ಲಿ ನಿಂತಿದ್ದರು, ಪಕ್ಕದ ಕವರ್ ಎಷ್ಟು ಹತ್ತಿರ ಇದ್ದ ಎಂಬುದನ್ನು ನೋಡಿದರೆ ಕಲಿಯುವುದು ಹೆಚ್ಚು.

ಮಣ್ಣು, ಮ್ಯಾಟ್

ಮಣ್ಣಿನಲ್ಲಿ ಬೆಳೆದ ತಂಡ ಮ್ಯಾಟ್ ಮೇಲೆ ಮೊದಲ ಸಲ ಆಡುವಾಗ ಟ್ಯಾಕಲ್ ತಪ್ಪುವುದು ಸಹಜ. ನೀರು ಚಿಮುಕಿಸಿ ಹದ ಮಾಡಿದ ಮಣ್ಣಿನಲ್ಲಿ ಡೈವ್ ಹೊಡೆದರೆ ಮೈ ಸ್ವಲ್ಪ ಜಾರಿ ಮುಂದೆ ಹೋಗುತ್ತದೆ, ಆ ಜಾರುವಿಕೆಯನ್ನು ಹುಡುಗರು ಗೊತ್ತಿಲ್ಲದೆಯೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಮ್ಯಾಟ್ ಮೈಯನ್ನು ಹಿಡಿದು ನಿಲ್ಲಿಸುತ್ತದೆ, ಕೈ ಒಂದು ಗೇಣು ಮೊದಲೇ ನಿಂತುಬಿಡುತ್ತದೆ. ಜೊತೆಗೆ ಶೂ ಹಾಕಿದ ರೈಡರ್ ಮ್ಯಾಟ್ ಮೇಲೆ ಬೇಗ ದಿಕ್ಕು ಬದಲಿಸುತ್ತಾನೆ. ಮ್ಯಾಟ್ ಪಂದ್ಯಕ್ಕೆ ಹೋಗುವ ಮುನ್ನ ನಾಲ್ಕು ದಿನವಾದರೂ ಅದರ ಮೇಲೆ ಅಭ್ಯಾಸ ಬೇಕು. ಸಿಗದಿದ್ದರೆ ಡೈವ್ ಕಡಿಮೆ ಮಾಡಿ, ನಿಂತು ಮಾಡುವ ಬ್ಲಾಕ್, ಥೈ ಹೋಲ್ಡ್‌ಗಳ ಮೇಲೆ ಆಡುವುದು ಲೇಸು.

ಬರೆದಿಟ್ಟು ತಿದ್ದುವುದು

ಎಂಡ್ ಲೈನ್ ಹಿಂದೆ ಎತ್ತರದ ಜಾಗದಲ್ಲಿ ಮೊಬೈಲ್ ನಿಲ್ಲಿಸಿ ಮೂರು ಪಂದ್ಯ ರೆಕಾರ್ಡ್ ಮಾಡಿ. ತಪ್ಪಿದ ಪ್ರತಿ ಟ್ಯಾಕಲ್‌ಗೆ ನೋಟ್‌ಬುಕ್‌ನಲ್ಲಿ ಒಂದು ಸಾಲು: ಒಳಗೆ ಎಷ್ಟು ಜನ ಇದ್ದರು, ಮೊದಲು ಹೋದವನು ಯಾರು, ಮಧ್ಯಗೆರೆಯಿಂದ ಎಷ್ಟು ದೂರ, ಯಾವ ಹಿಡಿತ, ಎರಡನೆಯವನು ಬಂದನೋ ಇಲ್ಲವೋ, ಎಷ್ಟು ಜನ ಔಟ್. ಮೂರು ಪಂದ್ಯದಲ್ಲಿ ರೋಗ ಕಾಣಿಸುತ್ತದೆ. ಒಂದೇ ಬದಿಯಲ್ಲಿ ತಪ್ಪುತ್ತಿದ್ದರೆ ಆ ಬದಿಯ ಕಾರ್ನರ್ ಬದಲಿಸುವ ಮುನ್ನ ಅವನ ಪಕ್ಕದ ಕವರ್‌ನನ್ನು ಬದಲಿಸಿ ನೋಡಿ. ಎಲ್ಲ ಕಡೆ ತಪ್ಪುತ್ತಿದ್ದು, ಅದೂ ಎರಡನೇ ಅರ್ಧದಲ್ಲಿ ಹೆಚ್ಚಾಗಿದ್ದರೆ ಅದು ದಣಿವು: ಕಾಲು ಸೋತಾಗ ಮೊಣಕಾಲು ನೆಟ್ಟಗಾಗುತ್ತದೆ, ನೆಟ್ಟಗಾದ ಮೊಣಕಾಲಿನಿಂದ ತಗ್ಗಿ ಹಿಡಿಯಲು ತಡವಾಗುತ್ತದೆ.

ಅಭ್ಯಾಸದಲ್ಲಿ ಮೊದಲು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಡಿಫೆನ್ಸ್ ಆಡಿಸಿ. ರೈಡರ್ 30 ಸೆಕೆಂಡ್ ಓಡಾಡಲಿ, ಏಳು ಜನರೂ ಬರೀ ಕಾಲಿನಿಂದ ಜರುಗಲಿ. ಹಿಡಿಯಲು ಅವಕಾಶ ಇಲ್ಲದಾಗ ನಿಲ್ಲುವ ಜಾಗದ ತಪ್ಪೆಲ್ಲ ಬಯಲಾಗುತ್ತದೆ. ಆಮೇಲೆ ಮಧ್ಯಗೆರೆಯಿಂದ 2.2 ಮೀಟರ್‌ಗೆ ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಗೂ ಮಧ್ಯಗೆರೆಗೂ ನಡುವೆ ಕಾಲಿಗೆ ಕೈ ಹಾಕಿದವನು ಅಭ್ಯಾಸದಲ್ಲಿ ಔಟ್ ಎಂದೇ ಲೆಕ್ಕ. ಮೂರನೆಯದು ಜೋಡಿ ಅಭ್ಯಾಸ: ಕಾರ್ನರ್ ಕಾಲು ಹಿಡಿದಾಗ ಕೋಚ್ ‘ಒಂದು’ ಎನ್ನಬೇಕು, ‘ಎರಡು’ ಎನ್ನುವುದರೊಳಗೆ ಕವರ್‌ನ ಕೈ ರೈಡರ್‌ನ ಸೊಂಟದಲ್ಲಿ ಇರಬೇಕು. ಎಡಕ್ಕೆ ಹತ್ತು, ಬಲಕ್ಕೆ ಹತ್ತು, ನಿಧಾನವಾಗಿ ಶುರು ಮಾಡಿ. ಕೊನೆಗೆ ಮೂವರೇ ಡಿಫೆಂಡರ್‌ಗಳನ್ನು ಇಟ್ಟು ಹತ್ತು ರೈಡ್. ಅಂಕ ಬರೆದುಕೊಳ್ಳಿ, ಪ್ರತಿ ವಾರ ಅದೇ ಮೂವರನ್ನೇ ಇಡಬೇಡಿ, ಏಕೆಂದರೆ ಪಂದ್ಯದಲ್ಲಿ ಯಾವ ಮೂವರು ಉಳಿಯುತ್ತಾರೆಂದು ಆರಿಸಿಕೊಳ್ಳುವ ಭಾಗ್ಯ ಯಾವ ತಂಡಕ್ಕೂ ಇಲ್ಲ. ಬೇಸಿಗೆಯಲ್ಲಿ ನೆಲ ಗಟ್ಟಿಯಾಗಿದ್ದರೆ ಡೈವ್ ಅಭ್ಯಾಸ ಬೇಡ, ಹಿಂದಿನ ಸಂಜೆ ನೀರು ಹಾಕಿ, ಬೆಳಿಗ್ಗೆ ಮೇಲ್ಮಣ್ಣು ಕೆದಕಿದ ಮೇಲೆ ಶುರು ಮಾಡಿ.